ಟಿಎನ್‌ಎಫ್ ಇಳಿದ ತಕ್ಷಣ ಕುಣಿಯಬೇಡಿ

ನಾನು ಶಿವಮೊಗ್ಗ ಹತ್ತಿರದ ಒಂದು ಲ್ಯಾಬಿನಲ್ಲಿ ಸೆಲ್ ಕಲ್ಚರ್ ನೋಡಿಕೊಳ್ಳುತ್ತೇನೆ. ಮಲೆನಾಡಿನ ಮಕ್ಕಳು ಪ್ರಾಜೆಕ್ಟ್‌ಗೆ ಬರುವಾಗ ಬರಿಗೈಲಿ ಬರುವುದು ಕಡಿಮೆ. ಅಮೃತಬಳ್ಳಿ, ಒಂದೆಲಗ, ಮುರುಗಲು, ಇಲ್ಲಾ ಅಜ್ಜಿಗೆ ಮಾತ್ರ ಹೆಸರು ಗೊತ್ತಿರುವ ಯಾವುದೋ ಬೇರು. ಎಲ್ಲರ ಆಸೆ ಒಂದೇ, ತಮ್ಮ ಗಿಡ ಉರಿಯೂತ ಇಳಿಸಬೇಕು.

ಪರೀಕ್ಷೆ ಮಾಡುವ ದಾರಿ ಹೀಗಿದೆ. ಟಿಎಚ್‌ಪಿ-1 ಅನ್ನುವ ಮನುಷ್ಯರ ಕೋಶಗಳನ್ನು ಬೆಳೆಸುತ್ತೇವೆ. ಜಪಾನಿನಲ್ಲಿ ರಕ್ತದ ಕ್ಯಾನ್ಸರ್ ಆಗಿದ್ದ ಒಂದು ವರ್ಷದ ಗಂಡುಮಗುವಿನಿಂದ ಬಂದ ಕೋಶಗಳಿವು. 1980ರಲ್ಲಿ ಮೊದಲು ವರದಿಯಾಗಿದ್ದು, ಇವತ್ತಿಗೂ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ಪಿಎಂಎ ಅನ್ನುವ ರಾಸಾಯನಿಕ ಹಾಕಿದರೆ ಅವು ಪ್ಲೇಟಿಗೆ ಅಂಟಿಕೊಂಡು ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕೋಶದ ಥರ ಆಗುತ್ತವೆ. ಆಮೇಲೆ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ಹಾಕಿ ಕೆಣಕಬೇಕು. ಕೋಶಗಳು ಟಿಎನ್‌ಎಫ್ ಅನ್ನುವ, ಉರಿಯೂತ ಏರಿಸುವ ಪ್ರೋಟೀನ್ ಕಾರುತ್ತವೆ. ಅದನ್ನು ಎಲೈಸಾ ಅನ್ನುವ ಪರೀಕ್ಷೆಯಲ್ಲಿ ಅಳೆಯುತ್ತೇವೆ. ಗಿಡದ ಸಾರ ಹಾಕಿದಾಗ ಅದು ಇಳಿದರೆ ಉರಿಯೂತ ಇಳಿದ ಸೂಚನೆ.

ಗಿಡದ ಸಾರ ಕೆಲಸ ಮಾಡಿತಾ ಇಲ್ವಾ ಅಂತ ಹೇಳಲು, ಖಂಡಿತ ಕೆಲಸ ಮಾಡುವ ಒಂದು ವಸ್ತು ಪಕ್ಕದಲ್ಲಿರಬೇಕು. ನಮ್ಮಲ್ಲಿ ಅದು ಇಂಟರ್‌ಲ್ಯೂಕಿನ್-10, ಚಿಕ್ಕದಾಗಿ ಐಎಲ್-10. ದೇಹವೇ ಉರಿಯೂತಕ್ಕೆ ಕಡಿವಾಣ ಹಾಕಲು ಮಾಡಿಕೊಳ್ಳುವ ಪ್ರೋಟೀನ್ ಇದು. 1989ರಲ್ಲಿ ಟಿಮ್ ಮಾಸ್ಮನ್ ಮತ್ತು ಜೊತೆಯವರು ಇದನ್ನು ಕಂಡುಹಿಡಿದರು. ಇದರ ಜೀನ್ ತೆಗೆದ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆ ಅಂತ 1993ರಲ್ಲಿ ಗೊತ್ತಾಯಿತು. ಹಾಗಂತ ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ರೋಗಿಗಳಿಗೆ ಇದನ್ನೇ ಚುಚ್ಚಿ ನೋಡಿದಾಗ ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ಪ್ಲೇಟಿನೊಳಗೆ ಮಾತ್ರ ಮಿಲೀಗೆ 10 ನ್ಯಾನೋಗ್ರಾಂ ಹಾಕಿದರೂ ಟಿಎನ್‌ಎಫ್ ಚೆನ್ನಾಗಿ ಇಳಿಯುತ್ತದೆ.

ಈ ಸಲ ತೀರ್ಥಹಳ್ಳಿ ಕಡೆಯ ಹುಡುಗಿ ಒಬ್ಬಳು ಮುರುಗಲು ಸಿಪ್ಪೆಯ ಸಾರ ತಂದಿದ್ದಳು. ಎಲೈಸಾ ಓದಿದ ದಿನ ಓಡಿ ಬಂದಳು. "ಮೇಡಂ, ಐಎಲ್-10ಗಿಂತ ಜಾಸ್ತಿ ಇಳಿದಿದೆ! ಹೆಚ್ಚಿನ ಡೋಸಿನಲ್ಲಂತೂ ಏನೂ ಉಳಿದೇ ಇಲ್ಲ."

"ಕೋಶ ಉಳಿದಿದೆಯಾ ನೋಡಿದ್ಯಾ?" ಅಂದೆ.

"ಅದನ್ನೆಂತಕ್ಕೆ ಮೇಡಂ?"

ಪ್ಲೇಟ್ ಇನ್ನೂ ಇತ್ತು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಐಎಲ್-10 ಹಾಕಿದ ವೆಲ್‌ನಲ್ಲಿ (ಪ್ಲೇಟಿನ ಗುಳಿಯಲ್ಲಿ) ಕೋಶಗಳು ಚಪ್ಪಟೆಯಾಗಿ, ಕಾಲು ಚಾಚಿಕೊಂಡು ತಳಕ್ಕೆ ಅಂಟಿದ್ದವು. ಮುರುಗಲಿನ ಹೆಚ್ಚಿನ ಡೋಸಿನ ವೆಲ್‌ನಲ್ಲಿ ಗುಂಡಗೆ ಮುದುಡಿ ತೇಲುತ್ತಿದ್ದವು. ಅಲ್ಲಿ ಕೋಶ ಬೆಳೆಯುವ ದ್ರವದ, ಅಂದರೆ ಮೀಡಿಯಂನ, ಗುಲಾಬಿ ಬಣ್ಣವೂ ಕಿತ್ತಳೆಗೆ ತಿರುಗಿತ್ತು, ಹುಳಿ ಹೆಚ್ಚಿದ ಗುರುತು. ಮುರುಗಲಿನ ಹುಳಿ ನಮ್ಮೂರಿನವರಿಗೆ ಹೇಳಿಕೊಡಬೇಕಾ? ಪಿಎಚ್ (ಹುಳಿಯ ಮಟ್ಟ) ಸರಿಮಾಡದೆ ಹಾಕಿದರೆ ಅಷ್ಟೇ.

ಗದ್ದಲದ ಕ್ಲಾಸಿಗೆ ಮೇಷ್ಟ್ರು ಬಂದರೂ ಸದ್ದು ನಿಲ್ಲುತ್ತದೆ, ಮಕ್ಕಳೆಲ್ಲ ಮನೆಗೆ ಹೋದರೂ ಸದ್ದು ನಿಲ್ಲುತ್ತದೆ. ಎಲೈಸಾಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಬೇರೆ ಎಷ್ಟೋ ಪ್ರೋಟೀನುಗಳು ಕೆಲಸ ಮಾಡಿದರೆ ಏನೋ ಒಂದು ಏರುತ್ತದೆ, ಸತ್ತ ಕೋಶದಿಂದ ಅದು ಆಗಲ್ಲ. ಐಎಲ್-10 ಥರದವುಗಳಲ್ಲಿ ಇಳಿಯುವುದೇ ಫಲ. ಕೆಟ್ಟುಹೋದ ಪ್ರಯೋಗವೂ ಅದೇ ಫಲ ಕೊಡುತ್ತದೆ, ಅದೇ ಕಷ್ಟ.

ಹಾಗಾದರೆ ಎಂಟಿಟಿ ಮಾಡ್ತೀನಿ ಅಂದಳು. ಜೀವಂತ ಕೋಶ ಇದ್ದರೆ ನೇರಳೆ ಬಣ್ಣ ಬರುವ ಪರೀಕ್ಷೆ. ಮಾಡಲಿ, ಆದರೆ ಗಿಡದ ಸಾರದ ವಿಷಯದಲ್ಲಿ ಅದನ್ನೂ ಸುಮ್ನೆ ನಂಬುವ ಹಾಗಿಲ್ಲ. ಸಾರದಲ್ಲಿರುವ ಪಾಲಿಫಿನಾಲ್‌ಗಳು ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಕೋಶ ಹಾಕದೆ ಬರೀ ಸಾರ ಮತ್ತು ಎಂಟಿಟಿ ಇರುವ ಒಂದು ವೆಲ್ ಇಡಿಸಿದೆ. ಅದೂ ತಿಳಿ ನೇರಳೆಯಾಯಿತು. ಕೊನೆಗೆ ಟ್ರಿಪಾನ್ ಬ್ಲೂ ಹಾಕಿ, ನೀಲಿಯಾದವು ಸತ್ತವು ಅಂತ ಕೂತು ಎಣಿಸಿದಳು. ಬೇಜಾರಿನ ಕೆಲಸ, ಆದರೆ ನನಗೆ ಅದರ ಮೇಲೇ ನಂಬಿಕೆ.

ಐಎಲ್-10 ಕಡೆಗೂ ಒಂದು ತಾಳೆ ಬೇಕು. ಅದನ್ನು ತಡೆಯುವ ಪ್ರತಿಕಾಯವನ್ನು ಅದೇ ವೆಲ್‌ಗೆ ಹಾಕಿದರೆ ಟಿಎನ್‌ಎಫ್ ಮತ್ತೆ ಏರಬೇಕು. ಏರಿದರೆ ಇಳಿಸಿದ್ದು ಐಎಲ್-10 ಅಂತ ಧೈರ್ಯವಾಗಿ ಬರೆಯಬಹುದು. ಪ್ರತಿಕಾಯ ದುಬಾರಿ, ಎಲ್ಲ ಪ್ಲೇಟಿಗೂ ಬೇಡ. ಐಎಲ್-10ರ ಹೊಸ ಬಾಟಲಿ ತೆಗೆದಾಗ ಒಮ್ಮೆ ಮಾಡಿದರೂ ಸಾಕು.

ಬಾಟಲಿ ಅಂದಾಗ ನೆನಪಾಯಿತು. ಅದರಲ್ಲಿ ಬರುವ 10 ಮೈಕ್ರೋಗ್ರಾಂ ಐಎಲ್-10 ಪುಡಿ ಕಣ್ಣಿಗೆ ಕಾಣುವುದಿಲ್ಲ, ಹೊಸಬರು ಖಾಲಿ ಬಾಟಲಿ ಬಂದಿದೆ ಅಂತ ಗಾಬರಿಯಾಗುತ್ತಾರೆ. ಮಿಲೀಗೆ 10 ನ್ಯಾನೋಗ್ರಾಂ ಲೆಕ್ಕದಲ್ಲಿ ಅಷ್ಟರಿಂದ ಒಂದು ಲೀಟರ್ ಮೀಡಿಯಂ ಆಗುತ್ತದೆ. ಮುಚ್ಚಳ ತೆಗೆಯುವ ಮುಂಚೆ ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಿ, ಪುಡಿ ಮುಚ್ಚಳದಲ್ಲಿ ಕೂತಿರಬಹುದು. ನಮ್ಮ ಮಳೆಗಾಲದಲ್ಲಿ ಇನ್ನೂ ಒಂದು ಜಾಗ್ರತೆ ಬೇಕು. ಫ್ರೀಜರಿನಿಂದ ತೆಗೆದ ತಕ್ಷಣ ತೆರೆದರೆ ಗಾಳಿಯ ತೇವವೆಲ್ಲ ಒಳಗೆ ಹನಿಗಟ್ಟುತ್ತದೆ. ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಕರಗಿಸುವಾಗ ಗರಗರ ಅಲ್ಲಾಡಿಸಬೇಡಿ. ಬಿಎಸ್‌ಎ ಅನ್ನುವ ಇನ್ನೊಂದು ಪ್ರೋಟೀನ್ ಸ್ವಲ್ಪ ಸೇರಿಸಿದರೆ ಐಎಲ್-10 ಪ್ಲಾಸ್ಟಿಕ್ಕಿಗೆ ಅಂಟಿ ನಷ್ಟವಾಗುವುದು ತಪ್ಪುತ್ತದೆ. ಆಮೇಲೆ ಒಂದೊಂದು ಸಲಕ್ಕೆ ಬೇಕಾದಷ್ಟೇ ಸಣ್ಣ ಟ್ಯೂಬುಗಳಿಗೆ ಹಂಚಿಡಿ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಹಾಳಾಗುತ್ತದೆ. ಇನ್ನು, ಐಎಲ್-10 ಎರಡು ಎಳೆ ಜೋಡಿಯಾಗಿದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ, ಆಮ್ಲ ಜಾಸ್ತಿಯಾದರೆ ಜೋಡಿ ಬಿಡುತ್ತದೆ. ಹಾಗಾಗಿ ಮುರುಗಲಿನ ಗಟ್ಟಿ ಸಾರದ ಜೊತೆ ಒಂದೇ ಟ್ಯೂಬಿನಲ್ಲಿ ಬೆರೆಸಿಡಬೇಡ ಅಂತ ಹುಡುಗಿಗೆ ಹೇಳಿದ್ದೇನೆ.

ಪಿಎಚ್ ಸರಿಮಾಡಿ, ಡೋಸ್ ಇಳಿಸಿ ಮತ್ತೆ ಪ್ಲೇಟ್ ಹಾಕಿದ್ದಾಳೆ. ಕೋಶಗಳು ಈಗ ಗಟ್ಟಿಯಾಗಿ ಅಂಟಿಕೊಂಡಿವೆ. ಟಿಎನ್‌ಎಫ್ ಸ್ವಲ್ಪವೇ ಇಳಿದಿದೆ, ಐಎಲ್-10ರ ಹತ್ತಿರವೂ ಬರುವುದಿಲ್ಲ. ಅವಳಿಗೆ ಸಪ್ಪೆ ಅನಿಸಿದೆ. ನನಗೆ ಮೊದಲಿನದಕ್ಕಿಂತ ಈ ಗ್ರಾಫೇ ಇಷ್ಟವಾಯಿತು, ರಿಪೋರ್ಟಿಗೆ ಇದನ್ನೇ ಹಾಕು ಅಂದೆ.