ತಿನ್ನಬಹುದು, ಬಿತ್ತುವಂತಿಲ್ಲ: ಕೈಗಾರಿಕಾ ಹೆಂಪ್ ಮತ್ತು ನಮ್ಮ ಕಾನೂನು

ಗಾಂಜಾದ ಕುಲಕ್ಕೇ (ಕ್ಯಾನಬಿಸ್) ಸೇರಿದ, ಆದರೆ ಅಮಲಿನ ಅಂಶ ತೀರಾ ಕಡಿಮೆಯಿರುವ ಹೆಂಪ್ ಗಿಡದ ಬೀಜದ ಪೊಟ್ಟಣಗಳು ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ ಈಗ ಅಪರೂಪವಲ್ಲ. ಕೊತ್ತಂಬರಿ ಕಾಳಿಗಿಂತ ತುಸು ಚಿಕ್ಕದಾದ, ಬೂದುಬಣ್ಣದ ಮೇಲೆ ಕಂದು ಗೆರೆಗಳಿರುವ ಕಾಳು ಅದು. ಹಲ್ಲಿನಿಂದ ಕಚ್ಚಿದರೆ ಗಟ್ಟಿ ಸಿಪ್ಪೆ ಒಡೆದು ಒಳಗಿನ ಬಿಳಿ ತಿರುಳು ಹಸಿ ಶೇಂಗಾದ ರುಚಿ ಕೊಡುತ್ತದೆ. ಆಹಾರ ಸುರಕ್ಷತೆಯ ರಾಷ್ಟ್ರೀಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರ ನವೆಂಬರ್‌ನಲ್ಲಿ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಒಪ್ಪಿಕೊಂಡ ಮೇಲೆ ಇದರ ಮಾರಾಟದಲ್ಲಿ ಕದ್ದುಮುಚ್ಚುವಂಥದ್ದೇನೂ ಉಳಿದಿಲ್ಲ. ಆದರೆ ಇದೇ ಕಾಳನ್ನು ಸಿಪ್ಪೆ ಸಮೇತ ಪರವಾನಗಿಯಿಲ್ಲದೆ ಹಿತ್ತಲಿನಲ್ಲಿ ಬಿತ್ತಿ ಬೆಳೆದವನು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಅಡಿಯಲ್ಲಿ 10 ವರ್ಷಗಳವರೆಗಿನ ಕಠಿಣ ಸಜೆಗೂ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೂ ಗುರಿಯಾಗಬಹುದು.

ಈ ವಿರೋಧಾಭಾಸಕ್ಕೆ ಕಾರಣ ಕಾನೂನಿನ ವ್ಯಾಖ್ಯೆಯಲ್ಲಿದೆ. 1985ರ ಎನ್‌ಡಿಪಿಎಸ್ ಕಾಯ್ದೆ ಗಿಡವನ್ನು ಒಂದು ಬಗೆಯಲ್ಲಿ, ಗಿಡದ ಭಾಗಗಳನ್ನು ಇನ್ನೊಂದು ಬಗೆಯಲ್ಲಿ ನೋಡುತ್ತದೆ. ಗಿಡದಿಂದ ಬೇರ್ಪಡಿಸಿದ ಅಂಟು ಚರಸ್. ಹೂ ಅಥವಾ ಕಾಯಿ ಹಿಡಿದ ತುದಿಗಳು ಗಾಂಜಾ. ಆ ತುದಿಗಳ ಜೊತೆಗಿರದ ಎಲೆ ಮತ್ತು ಬೀಜಗಳನ್ನು ಗಾಂಜಾದ ವ್ಯಾಖ್ಯೆಯಿಂದ ಸ್ಪಷ್ಟವಾಗಿಯೇ ಹೊರಗಿಡಲಾಗಿದೆ. ಉತ್ತರ ಭಾರತದಲ್ಲಿ ಈ ಗಿಡದ ಎಲೆಯಿಂದ ಮಾಡುವ ಭಂಗಿಯ ಅಂಗಡಿಗಳು ರಾಜಾರೋಷವಾಗಿ ನಡೆಯುವುದು ಈ ಸಂದಿನಿಂದಲೇ, ಮತ್ತು ಭಂಗಿ ಎನ್‌ಡಿಪಿಎಸ್ ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿದ್ದೂ ಇದೇ ವ್ಯಾಖ್ಯೆಯನ್ನು ಆಧರಿಸಿ. ಗಿಡದ ವಿಷಯ ಬಂದಾಗ ಮಾತ್ರ ಕಾಯ್ದೆಗೆ ಇಂಥ ಸೂಕ್ಷ್ಮವಿಲ್ಲ. ಕ್ಯಾನಬಿಸ್ ಕುಲದ ಯಾವ ಗಿಡವೇ ಆಗಲಿ, ಅದರಲ್ಲಿ ಅಮಲಿನ ಅಂಶ ಎಷ್ಟೇ ಇರಲಿ, 8ನೇ ಸೆಕ್ಷನ್ ಪ್ರಕಾರ ಅದನ್ನು ಬೆಳೆಯುವುದು ನಿಷಿದ್ಧ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ಅನುಮತಿ ಪಡೆದು ಬೆಳೆಯುವುದಷ್ಟೇ ಅಪವಾದ.

ಆದರೆ 14ನೇ ಸೆಕ್ಷನ್ ಕೂಡ ಅದೇ ಕಾಯ್ದೆಯಲ್ಲಿದೆ, ಮತ್ತು ಈ ವಿಷಯದ ಚರ್ಚೆಗಳಲ್ಲಿ ಅದನ್ನು ಓದಿದವರು ಕಡಿಮೆಯೆಂದೇ ನನ್ನ ಅನಿಸಿಕೆ. 8ನೇ ಸೆಕ್ಷನ್‌ನಲ್ಲಿ ಏನೇ ಇದ್ದರೂ, ಕೇವಲ ನಾರು ಅಥವಾ ಬೀಜ ಪಡೆಯುವ ಕೈಗಾರಿಕಾ ಉದ್ದೇಶಕ್ಕೆ ಇಲ್ಲವೇ ತೋಟಗಾರಿಕಾ ಉದ್ದೇಶಕ್ಕೆ ಕ್ಯಾನಬಿಸ್ ಗಿಡ ಬೆಳೆಯಲು ಸರ್ಕಾರವು ಷರತ್ತುಗಳೊಡನೆ ಆದೇಶ ಹೊರಡಿಸಬಹುದು ಎಂದು ಅದು ಹೇಳುತ್ತದೆ. 1961ರ ಅಂತರರಾಷ್ಟ್ರೀಯ ಮಾದಕ ವಸ್ತು ಒಪ್ಪಂದದ 28ನೇ ವಿಧಿಯೂ ನಾರು ಮತ್ತು ಬೀಜಕ್ಕಾಗಿ ಬೆಳೆಯುವ ಗಿಡವನ್ನು ತನ್ನ ನಿಯಂತ್ರಣದಿಂದ ಹೊರಗಿಟ್ಟಿದೆ. ಆದ್ದರಿಂದ ‘ಹೆಂಪ್ ಕಾನೂನುಬದ್ಧಗೊಳಿಸಿ’ ಎಂಬ ಬೇಡಿಕೆಯನ್ನು ದೆಹಲಿಗೆ ಕಳುಹಿಸುವುದಕ್ಕಿಂತ, ಇರುವ ಅಧಿಕಾರವನ್ನು ಬಳಸಿರೆಂದು ಆಯಾ ರಾಜ್ಯ ಸರ್ಕಾರವನ್ನು ಕೇಳುವುದು ಹೆಚ್ಚು ಅರ್ಥಪೂರ್ಣ.

ಉತ್ತರಾಖಂಡವು ಹಾಗೆ ಬಳಸಿಕೊಂಡ ಮೊದಲ ರಾಜ್ಯ; 2018ರಲ್ಲಿ ಅಲ್ಲಿ ಹೆಂಪ್ ಕೃಷಿಗೆ ಪರವಾನಗಿ ದೊರೆಯಿತು. ಕುಮಾವೂಂ ಮತ್ತು ಗಢವಾಲದ ಬೆಟ್ಟಗಳಲ್ಲಿ ಈ ಗಿಡ ಹೊಸಬನೇನಲ್ಲ. ಕಾಂಡದ ನಾರಿನಿಂದ ಹಗ್ಗ, ಚೀಲ, ಒರಟು ಬಟ್ಟೆ ಮಾಡುವುದು, ಬೀಜವನ್ನು ಹುರಿದು ಹಸಿಮೆಣಸಿನಕಾಯಿ, ಜೀರಿಗೆ, ನಿಂಬೆರಸದೊಡನೆ ಅರೆದು ಚಟ್ನಿ ಮಾಡುವುದು ಅಲ್ಲಿನ ನಿತ್ಯದ ಬದುಕಿಗೆ ಸೇರಿದ್ದು. ಹಿಮಾಚಲ ಪ್ರದೇಶದಲ್ಲಿ ಶಾಸಕರ ಸಮಿತಿಯ ವರದಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಒಪ್ಪಿತು; 2025ರ ಜನವರಿಯಲ್ಲಿ ಪಾಲಂಪುರದ ಕೃಷಿ ವಿಶ್ವವಿದ್ಯಾಲಯ ಮತ್ತು ನೌಣಿಯ ತೋಟಗಾರಿಕಾ ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನ ನಡೆಸಲು ಸಚಿವ ಸಂಪುಟ ಸಮ್ಮತಿಸಿತು. ಕರ್ನಾಟಕದಲ್ಲಿ ಇಂಥ ನೀತಿ ಈವರೆಗೆ ಬಂದಿಲ್ಲ. ಮೆಕ್ಕೆಜೋಳದ ನಡುವೆಯೋ ತೊಗರಿಯ ಸಾಲಿನಲ್ಲಿಯೋ ಸಿಕ್ಕ ಗಿಡಗಳನ್ನು ಕಿತ್ತು ರಾಶಿ ಹಾಕಿ, ಪಕ್ಕದಲ್ಲಿ ಸಿಬ್ಬಂದಿ ನಿಂತ ಚಿತ್ರ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಾಗಲೇ ನಮ್ಮಲ್ಲಿ ಈ ಗಿಡ ಸುದ್ದಿಯಾಗುವುದು.

ಪರವಾನಗಿ ಕೊಟ್ಟ ಹೆಚ್ಚಿನ ಕಡೆಗಳಲ್ಲಿ ಎಲ್ಲವೂ ಒಂದು ಸಂಖ್ಯೆಯ ಸುತ್ತ ತಿರುಗುತ್ತದೆ: 0.3. ಗಿಡದ ಒಣ ತೂಕದಲ್ಲಿ ಅಮಲು ತರಿಸುವ ಟಿಎಚ್‌ಸಿ ಶೇಕಡಾ 0.3ಕ್ಕಿಂತ ಕಡಿಮೆಯಿದ್ದರೆ ಅದು ಹೆಂಪ್, ಮೀರಿದರೆ ಗಾಂಜಾ ಜಾತಿಯದು. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಈ ಸಂಖ್ಯೆ ಎಲ್ಲಿಯೂ ಇಲ್ಲ. ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಸಸ್ಯವಿಜ್ಞಾನಿಗಳು 1976ರಲ್ಲಿ ಗಿಡಗಳ ವರ್ಗೀಕರಣದ ಅನುಕೂಲಕ್ಕಾಗಿ, ಇದೊಂದು ಸ್ವೇಚ್ಛೆಯ ಗೆರೆಯೆಂದು ತಾವೇ ಒಪ್ಪಿಕೊಂಡು ಎಳೆದದ್ದು ಅದು. ಅಮೆರಿಕ 2018ರ ಕೃಷಿ ಕಾಯ್ದೆಯಲ್ಲಿ ಅದನ್ನು ಅಳವಡಿಸಿಕೊಂಡಿತು. ಯುರೋಪ್ ಒಕ್ಕೂಟ ತನ್ನ 0.2ರ ಮಿತಿಯನ್ನು 2023ರಿಂದ 0.3ಕ್ಕೆ ಏರಿಸಿತು. ವರ್ಗೀಕರಣದ ಗೆರೆಯೊಂದು ರೈತನ ಪಾಲಿಗೆ ಬೆಳೆಗೂ ಅಪರಾಧಕ್ಕೂ ನಡುವಿನ ಗೆರೆಯಾದದ್ದು ಹೀಗೆ.

ಗಿಡವಂತೂ ಈ ಗೆರೆಯನ್ನು ಲೆಕ್ಕಕ್ಕಿಡುವುದಿಲ್ಲ. ಹೆಂಪ್‌ನಲ್ಲಿ ಸಾಮಾನ್ಯವಾಗಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ. ಪರಾಗ ಗಾಳಿಯಲ್ಲಿ ಬಹುದೂರ ಹೋಗುತ್ತದೆ. ಈ ಸಲ ಕಡಿಮೆ ಟಿಎಚ್‌ಸಿಯ ತಳಿ ಬಿತ್ತಿದ ರೈತ ಅದರಿಂದಲೇ ಬೀಜ ಉಳಿಸಿಕೊಂಡರೆ, ಸುತ್ತಲಿನ ಕಾಡು ಗಿಡಗಳ ಪರಾಗ ಸೇರಿ, ಮುಂದಿನ ಸಲದ ಬೆಳೆ ಮಿತಿ ಮೀರಬಹುದು. ಹಿಮಾಲಯದ ನಾಟಿ ತಳಿಗಳಲ್ಲಿ 0.3 ದಾಟುವುದು ಸಾಮಾನ್ಯ ಸಂಗತಿ. ಮಿತಿ ಮೀರಿದ ಬೆಳೆಯನ್ನು ನಾಶಪಡಿಸಬೇಕೆಂಬುದು ಇಂಥ ಪರವಾನಗಿಗಳ ಮೂಲ ಷರತ್ತು. ಹೀಗಾಗಿ ಬೀಜವನ್ನು ತಾನೇ ಕಾಪಿಟ್ಟುಕೊಳ್ಳುವ ರೈತನಿಗಿಂತ, ಪ್ರತಿ ಹಂಗಾಮಿಗೂ ಪ್ರಮಾಣಿತ ಬೀಜ ಕೊಳ್ಳಬಲ್ಲ, ಪ್ರಯೋಗಾಲಯದ ಶುಲ್ಕ ಕಟ್ಟಬಲ್ಲ ಕಂಪನಿಗೆ ಈ ಬೆಳೆ ಒಗ್ಗುತ್ತದೆ.

ಇನ್ನು ಉಪಯೋಗದ ಮಾತು. ಇದರಲ್ಲಿ ಉತ್ಪ್ರೇಕ್ಷೆ ಹಳೆಯದು. 1938ರಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಮಾಸಪತ್ರಿಕೆ, ಹೆಂಪ್‌ನಿಂದ ಡೈನಮೈಟ್‌ನಿಂದ ಸೆಲ್ಲೋಫೇನ್‌ವರೆಗೆ 25,000ಕ್ಕೂ ಹೆಚ್ಚು ವಸ್ತುಗಳನ್ನು ಮಾಡಬಹುದೆಂದು ಬರೆಯಿತು, ಮತ್ತು ಇಂದಿನ ಯೂಟ್ಯೂಬ್ ಭಾಷಣಕಾರರೂ ಆ ಸಂಖ್ಯೆಯನ್ನು ಹಾಗೆಯೇ ಒಪ್ಪಿಸುತ್ತಾರೆ. ಆ ಲೇಖನದ ನಿಜವಾದ ವಿಷಯ ಮಾತ್ರ ನಾರನ್ನು ಕಾಂಡದಿಂದ ಬಿಡಿಸುವ ಹೊಸ ಯಂತ್ರವಾಗಿತ್ತು, ಮತ್ತು ಅದು ಸರಿಯಾದ ಜಾಗಕ್ಕೇ ಬೆರಳಿಟ್ಟಿತ್ತು. ಹೆಂಪ್ ಕಾಂಡದ ಹೊರಪದರದಲ್ಲಿ ಉದ್ದನೆಯ ಗಟ್ಟಿ ನಾರು, ಒಳಗೆ ಹಗುರವಾದ ಮರದಂಥ ಬೆಂಡು. ತೂಕದ ಲೆಕ್ಕದಲ್ಲಿ ಬೆಂಡೇ ಹೆಚ್ಚು. ಎರಡನ್ನೂ ಬೇರ್ಪಡಿಸಲು ಮೊದಲು ಕಾಂಡವನ್ನು ಕೊಳೆಹಾಕಿ ಅಂಟು ಸಡಿಲಿಸಬೇಕು. ಉತ್ತರ ಕರ್ನಾಟಕದಲ್ಲಿ ಪುಂಡಿ ಬೆಳೆದವರಿಗೆ ಈ ಕೆಲಸ ಗೊತ್ತು: ಕಟ್ಟುಗಳನ್ನು ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿದ ದಿನಗಳಲ್ಲಿ ಆ ನೀರಿನ ಬಳಿ ಮೂಗು ಬಿಟ್ಟುಕೊಂಡು ನಿಲ್ಲುವಂತಿರಲಿಲ್ಲ. ನೈಲಾನ್ ಹಗ್ಗ ಬಂದ ಮೇಲೆ ಆ ಕಷ್ಟವನ್ನು ಯಾರೂ ಬಯಸಿ ಮಾಡಲಿಲ್ಲ.

ನನಗೆ ಹೆಚ್ಚು ಆಸಕ್ತಿ ಹುಟ್ಟಿಸುವುದು ನಾರಿಗಿಂತ ಬೆಂಡು. ಅದನ್ನು ಚೂರು ಮಾಡಿ ಸುಣ್ಣ ಮತ್ತು ನೀರಿನೊಡನೆ ಕಲಸಿ ಅಚ್ಚಿನಲ್ಲಿ ಅದುಮಿದರೆ ಹೆಂಪ್‌ಕ್ರೀಟ್ ಎಂಬ ಗೋಡೆಯ ವಸ್ತು ಸಿದ್ಧವಾಗುತ್ತದೆ. ಅದು ಭಾರ ಹೊರುವುದಿಲ್ಲ. ಕಂಬ ಮತ್ತು ತೊಲೆಗಳ ಚೌಕಟ್ಟು ಬೇರೆಯೇ ಬೇಕು. ಆದರೆ ಕಾಂಕ್ರೀಟಿಗಿಂತ ಹಲವು ಪಟ್ಟು ಹಗುರ, ಬಿಸಿಲಿನ ತಾಪ ಒಳಗೆ ಬರುವುದನ್ನು ತಡೆಯುತ್ತದೆ, ಗಾಳಿಯ ತೇವವನ್ನು ಹೀರಿ ಬಿಡುತ್ತದೆ, ಸುಣ್ಣದಿಂದಾಗಿ ಹುಳ ಹಿಡಿಯುವುದು ಕಡಿಮೆ. ನಮ್ಮ ಪೂರ್ವಿಕರಿಗೂ ಇದರ ಗುಣ ತಿಳಿದಿತ್ತೆಂಬುದಕ್ಕೆ ಎಲ್ಲೋರಾ ಸಾಕ್ಷಿ. ಅಲ್ಲಿನ ಗುಹೆಗಳ ಗಾರೆಯಲ್ಲಿ ಹೆಂಪ್ ಬೆರೆಸಿದ್ದನ್ನು ಪುರಾತತ್ವ ಇಲಾಖೆಯ ರಸಾಯನತಜ್ಞರು ಮತ್ತು ಸಸ್ಯವಿಜ್ಞಾನಿಗಳು ಗುರುತಿಸಿದ್ದು 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಗಾರೆ ಶತಮಾನಗಳ ಮಳೆ ಮತ್ತು ಕೀಟಗಳನ್ನು ತಾಳಿಕೊಂಡದ್ದರಲ್ಲಿ ಹೆಂಪ್‌ನ ಪಾತ್ರ ದೊಡ್ಡದೆಂದು ಅವರು ಅಭಿಪ್ರಾಯಪಟ್ಟರು. ಉತ್ತರಾಖಂಡದ ಯಮಕೇಶ್ವರ ಭಾಗದಲ್ಲಿ ಹೊಸದಾಗಿ ಹೆಂಪ್‌ಕ್ರೀಟ್ ಮನೆಯೂ ಎದ್ದಿದೆ.

ಬೀಜದ ವಿಷಯದಲ್ಲಿ ನನ್ನ ಉತ್ಸಾಹ ಅಷ್ಟಿಲ್ಲ. ಅದರಲ್ಲಿ ಶೇಕಡಾ 30ರಷ್ಟು ಎಣ್ಣೆ, 25ರ ಆಸುಪಾಸಿನಲ್ಲಿ ಉತ್ತಮ ಪ್ರೋಟೀನ್ ಇರುವುದು ನಿಜ. ಆದರೆ ಒಮೆಗಾ-3ಕ್ಕಾಗಿ ಕೊಳ್ಳುವವರು ನಮ್ಮ ಅಗಸೆಯನ್ನು ಮರೆಯಬಾರದು: ಅಗಸೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಅದೇ ಇದ್ದರೆ, ಹೆಂಪ್ ಎಣ್ಣೆಯಲ್ಲಿ ಐದನೆಯ ಒಂದು ಭಾಗವೂ ಇರುವುದು ಕಷ್ಟ. ಅಗಸೆ ಚಟ್ನಿಪುಡಿಗೆ ಯಾರ ಪರವಾನಗಿಯೂ ಬೇಕಿಲ್ಲ, ಬೆಲೆಯೂ ಕೈಗೆಟಕುತ್ತದೆ. ಅಮಲಿನ ಭಯ ಮಾತ್ರ ಬೇಡ. ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಕೂಡದೆಂಬ ಎಫ್‌ಎಸ್‌ಎಸ್‌ಎಐ ಮಿತಿ ಸಾಕಷ್ಟು ಬಿಗಿಯಾಗಿಯೇ ಇದೆ.

ಹಿರಿಯೂರು ಕಡೆಯ ನಮ್ಮ ದೊಡ್ಡಪ್ಪನ ಮಗ ಈಚೆಗೆ ಫೋನ್ ಮಾಡಿ, “ಒಂದೆಕರೆ ಹಾಕಿ ನೋಡೋಣವೇನೋ, ನೀರೇ ಬೇಡವಂತಲ್ಲ?” ಎಂದು ಕೇಳಿದಾಗ, “ಬೇಡ ಅಣ್ಣ, ಕೇಸಾಗುತ್ತದೆ” ಎಂದಷ್ಟೇ ಹೇಳಿ ಮುಗಿಸಲಾಗಲಿಲ್ಲ, ಏಕೆಂದರೆ ಕಾನೂನು ನಾಳೆಯೇ ಸಡಿಲಗೊಂಡರೂ ಅವನಿಗೆ ಲಾಭವಾಗುತ್ತದೆಂಬ ಭರವಸೆ ನನಗಿಲ್ಲ. ನೀರೇ ಬೇಡವೆಂಬುದು ಸುಳ್ಳು. ಎಳೆಯ ಸಸಿಗೆ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ತಡೆಯದು. ಎರೆಭೂಮಿಯ ರೈತರು ಇದನ್ನು ಮೊದಲೇ ತಿಳಿದಿರಬೇಕು. ನಾರಿಗಾಗಿ ಎತ್ತರಕ್ಕೆ ಬೆಳೆಸಬೇಕಾದರೆ ಸಾರಜನಕವನ್ನೂ ಚೆನ್ನಾಗಿ ಕೊಡಬೇಕು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಹಗಲಿನ ಅವಧಿಯದು. ಹೆಂಪ್ ಹೂ ಬಿಡುವುದು ಹಗಲು ಕುಗ್ಗಿದಾಗ. ಜೂನ್ ತಿಂಗಳಲ್ಲಿ ಉತ್ತರ ಫ್ರಾನ್ಸಿನ ಹಗಲು 16 ಗಂಟೆ, ಉತ್ತರಾಖಂಡದ್ದು ಸುಮಾರು 14 ಗಂಟೆ, ಬೆಂಗಳೂರಿನ ಅತಿ ದೀರ್ಘ ಹಗಲು ಹೆಚ್ಚುಕಡಿಮೆ 13 ಗಂಟೆ. ಯುರೋಪಿನಲ್ಲಿ ಆಳೆತ್ತರ ಮೀರಿ ಬೆಳೆಯುವ ಪ್ರಮಾಣಿತ ತಳಿಯನ್ನು ತಂದು ಇಲ್ಲಿ ಬಿತ್ತಿದರೆ, ಅದು ಹಗಲು ಆಗಲೇ ಕುಗ್ಗಿದೆಯೆಂದು ಬಗೆದು ಮೊಣಕಾಲೆತ್ತರದಲ್ಲೇ ಹೂಬಿಟ್ಟು ಕುಳಿತುಕೊಳ್ಳುವ ಸಾಧ್ಯತೆ ಹೆಚ್ಚು. ಹೂ ಬಂದ ಮೇಲೆ ಕಾಂಡ ಉದ್ದವಾಗುವುದು ನಿಲ್ಲುತ್ತದೆ, ನಾರು ಸಿಗುವುದಿಲ್ಲ. ನಮ್ಮ ಹಗಲಿಗೆ ಒಗ್ಗುವ ಉಷ್ಣವಲಯದ ನಾಟಿ ಗಿಡಗಳಲ್ಲಿಯೋ ಟಿಎಚ್‌ಸಿ ಹೆಚ್ಚು. ಕಡಿಮೆ ಅಮಲು ಮತ್ತು ತಡವಾದ ಹೂ, ಇವೆರಡೂ ಒಂದೇ ತಳಿಯಲ್ಲಿ ಕೂಡುವವರೆಗೆ ಕರ್ನಾಟಕದ ಹೊಲಕ್ಕೆ ಹೆಂಪ್ ಬರುವುದು ಕಷ್ಟ.

ತಳಿ ಸಿಕ್ಕರೂ ಕಾರ್ಖಾನೆ ಬೇಕು. ಒಣಗಿದ ಕಾಂಡ ಜಾಗ ಹಿಡಿಯುವ ಸರಕು; ಸಕ್ಕರೆ ಕಾರ್ಖಾನೆಯಿಂದ ದೂರವಿರುವ ಕಬ್ಬಿನ ಗತಿಯೇ ಅದರದ್ದೂ. ಫ್ರಾನ್ಸಿನ ತ್ರ್ವಾ ನಗರದ ಸುತ್ತಮುತ್ತ ಈ ಬೆಳೆ ನಿಂತಿರುವುದಕ್ಕೆ 1973ರಲ್ಲಿ ಅಲ್ಲಿನ ರೈತರು ಕಟ್ಟಿಕೊಂಡ ಸಹಕಾರಿ ಸಂಘ ಮತ್ತು ಅದರ ಸಂಸ್ಕರಣಾ ಘಟಕ ಮುಖ್ಯ ಕಾರಣ. ಅಲ್ಲಿ ನಾರಿಗೂ ಬೆಂಡಿಗೂ ಬೀಜಕ್ಕೂ ಬೇರೆಬೇರೆ ಕೊಳ್ಳುವವರಿದ್ದಾರೆ. ಮೂರರಲ್ಲಿ ಒಂದನ್ನಷ್ಟೇ ಮಾರಿ ಉಳಿದದ್ದನ್ನು ಸುಟ್ಟರೆ ಲೆಕ್ಕ ಕೂಡುವುದಿಲ್ಲ.

ಅಣ್ಣನಿಗೆ ಕೊನೆಗೆ ಹೇಳಿದ್ದು, ರೈತ ಸಂಪರ್ಕ ಕೇಂದ್ರದಲ್ಲಿ ಸೆಣಬಿನ ಬೀಜ ಬಂದಿದೆಯೇ ವಿಚಾರಿಸು ಎಂದು. ಹಸಿರೆಲೆ ಗೊಬ್ಬರದ ಆ ಸೆಣಬು ದ್ವಿದಳ ಜಾತಿಯ ಬೇರೆಯದೇ ಗಿಡ. ಅದಕ್ಕೆ ಅಬಕಾರಿಯವರ ಗೊಡವೆಯಿಲ್ಲ. ಹೆಂಪ್‌ನ ವಿಷಯದಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು. ವೈಜ್ಞಾನಿಕ ಉದ್ದೇಶಕ್ಕೆ ಕಾಯ್ದೆಯಲ್ಲಿ ಅವಕಾಶವಿರುವುದರಿಂದ ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಿಲ್ಲ, ರಾಜ್ಯ ಸರ್ಕಾರದ ಅನುಮತಿ ಮತ್ತು ಬೇಲಿ ಹಾಕಿದ ಒಂದಿಷ್ಟು ಜಾಗ ಸಾಕು. ಕೆಲವು ಮುಂಗಾರುಗಳಲ್ಲಿ ಹಲವು ತಳಿಗಳನ್ನು ಬಿತ್ತಿ, ಯಾವುದು ಎಷ್ಟು ದಿನಕ್ಕೆ ಹೂಬಿಟ್ಟಿತು, ಎಷ್ಟು ಎತ್ತರ ಬೆಳೆಯಿತು, ಬಿಸಿಲೇರಿದಾಗ ಟಿಎಚ್‌ಸಿ ಎಷ್ಟಿತ್ತು, ಎಕರೆಗೆ ನಾರು ಮತ್ತು ಬೀಜ ಎಷ್ಟು ಬಂತು ಎಂಬ ಅಂಕಿಗಳನ್ನು, ಇಳುವರಿ ಕೈಕೊಟ್ಟ ವರ್ಷದ್ದನ್ನೂ ಸೇರಿಸಿ, ಕನ್ನಡದಲ್ಲಿ ಪ್ರಕಟಿಸಬೇಕು.