ಹತ್ತನೇ ನಂಬರಿನ ಕನ್ನಡ

ಚಿಕ್ಕಮಗಳೂರಿನಲ್ಲಿ ಹವ್ಯಾಸಿ ನಟರ ಜೊತೆ ನಾಟಕ ಮಾಡಿಸುವುದು ನನ್ನ ಕೆಲಸ. ಕಾಲೇಜುಗಳಲ್ಲಿ ಶಿಬಿರ, ಬೇಸಿಗೆಯಲ್ಲಿ ಮಕ್ಕಳ ನಾಟಕ, ವರ್ಷಕ್ಕೊಂದು ದೊಡ್ಡವರ ನಾಟಕ. ಒಂದು ಮಳೆಗಾಲದಲ್ಲಿ ‘ಟ್ವೆಲ್ವ್ ಆಂಗ್ರಿ ಮೆನ್’ ಕನ್ನಡಕ್ಕೆ ತಂದು ಮಾಡೋಣ ಅಂತ ಹೊರಟೆವು. ಆ ತಾಲೀಮಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಕೇಳಿದ ಒಂದು ಪ್ರಶ್ನೆ ನಾನು ಪಾತ್ರ ಹಂಚುವ ರೀತಿಯನ್ನೇ ಬದಲಾಯಿಸಿತು. ಅದನ್ನು ಹೇಳಬೇಕು.

ನಾಟಕ ಗೊತ್ತಿಲ್ಲದವರಿಗೆ ಎರಡು ಮಾತು. ರೆಜಿನಾಲ್ಡ್ ರೋಸ್ ಇದನ್ನು ಅಮೆರಿಕದ ಟಿವಿಗಾಗಿ ಬರೆದರು. 1954ರಲ್ಲಿ ಪ್ರಸಾರವಾಯಿತು. ತಾವೇ ಜ್ಯೂರಿಯಲ್ಲಿ, ಅಂದರೆ ಕೋರ್ಟಿನಲ್ಲಿ ತಪ್ಪಿತಸ್ಥ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಗುಂಪಿನಲ್ಲಿ, ಕೂತು ಬಂದ ಅನುಭವ ಅದರ ಹಿಂದೆ ಇತ್ತು. 1957ರಲ್ಲಿ ಸಿಡ್ನಿ ಲುಮೆಟ್ ಸಿನಿಮಾ ಮಾಡಿದರು. ನ್ಯೂಯಾರ್ಕಿನ ಒಬ್ಬ ಬಡ ಹುಡುಗ ಅಪ್ಪನನ್ನು ಚಾಕುವಿನಿಂದ ಇರಿದು ಕೊಂದ ಅನ್ನುವುದು ಆರೋಪ. ಹನ್ನೆರಡು ಜನ ಒಂದು ಕೋಣೆಯಲ್ಲಿ ಕೂತು ಒಮ್ಮತಕ್ಕೆ ಬರಬೇಕು. ತಪ್ಪಿತಸ್ಥ ಅಂದರೆ ಹುಡುಗನಿಗೆ ಮರಣದಂಡನೆ. ಮೊದಲ ಮತದಲ್ಲಿ ಹನ್ನೊಂದು ಜನ ತಪ್ಪಿತಸ್ಥ ಅನ್ನುತ್ತಾರೆ. ಎಂಟನೇ ನಂಬರಿನವನು ಒಬ್ಬನೇ, ಸ್ವಲ್ಪ ಮಾತಾಡೋಣ ಅನ್ನುತ್ತಾನೆ. ಇಡೀ ನಾಟಕ ಅಷ್ಟೇ. ಪಾತ್ರಗಳಿಗೆ ಹೆಸರಿಲ್ಲ, ನಂಬರ್ ಮಾತ್ರ.

‘ನಮ್ಮಲ್ಲಿ ಜ್ಯೂರಿ ಎಲ್ಲಿದೆ ಸಾರ್?’ ಅನ್ನುವುದು ಮೊದಲ ದಿನವೇ ಬಂದ ಪ್ರಶ್ನೆ. ತಂಡದಲ್ಲಿ ಒಬ್ಬ ವಕೀಲರಿದ್ದರು. ನಮ್ಮಲ್ಲೂ ಇತ್ತು, 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯ ಕೊಲೆ ಪ್ರಕರಣದಲ್ಲಿ ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ಅಪರಾಧಿ ಅಲ್ಲ ಅಂದಿದ್ದರು, ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ ಅಂತ ಅವರು ವಿವರಿಸಿದರು. ಹಾಗಾಗಿ ಕಥೆಯನ್ನು ಚಿಕ್ಕಮಗಳೂರಿಗೆ ಎಳೆದು ತರಲಿಲ್ಲ. ನ್ಯೂಯಾರ್ಕಿನಲ್ಲೇ ಬಿಟ್ಟೆವು. ಮಾತು ಮಾತ್ರ ಕನ್ನಡ.

ಕಷ್ಟ ಶುರುವಾಗಿದ್ದು ಅಲ್ಲೇ. ಯಾವ ಕನ್ನಡ?

ನಮ್ಮ ಜಿಲ್ಲೆಯೊಂದರಲ್ಲೇ ಎಷ್ಟು ಕನ್ನಡಗಳಿವೆ ನೋಡಿ. ಶೃಂಗೇರಿ, ಕೊಪ್ಪದ ಕಡೆ ಒಂದು. ಮೂಡಿಗೆರೆಯ ಎಸ್ಟೇಟುಗಳಲ್ಲಿ ಇನ್ನೊಂದು. ಘಟ್ಟ ಇಳಿದು ಕಡೂರು, ಬೀರೂರಿನ ಬಯಲಿಗೆ ಹೋದರೆ ಬೇರೆಯೇ. ಅನುವಾದ ಮಾಡುವಾಗ ಇದು ನನಗೆ ವರ ಅನ್ನಿಸಿತ್ತು. ಇಂಗ್ಲಿಷಿನಲ್ಲಿ ಆರೋಪಿ ಹುಡುಗನನ್ನು ಎಲ್ಲರೂ ‘ಹೀ’ ಅಂದರೆ ಮುಗಿಯಿತು. ಕನ್ನಡದಲ್ಲಿ ಹಾಗಲ್ಲ. ‘ಆ ನನ್ಮಗ’ ಅಂತ ಶುರು ಮಾಡಿದವರು ‘ಅವನು’ ಅನ್ನುತ್ತಾರೆ, ಆಮೇಲೆ ‘ಆ ಹುಡುಗ’ ಅನ್ನುತ್ತಾರೆ. ಪ್ರತಿಯೊಬ್ಬರ ಮತ ಬದಲಾಗುವುದಕ್ಕೆ ಸ್ವಲ್ಪ ಮೊದಲು ಈ ಪದ ಬದಲಾಗುವಂತೆ ಬರೆದೆ. ಮೂರನೇ ನಂಬರಿನವನು ಸಿಟ್ಟು ಬಂದ ತಕ್ಷಣ ‘ನೀವು’ ಬಿಟ್ಟು ‘ನೀನು’ಗೆ ಇಳಿಯುತ್ತಾನೆ. ಇವು ಚೆನ್ನಾಗಿಯೇ ಕೂತವು. ಈಗಲೂ ಆ ಕೆಲಸದ ಬಗ್ಗೆ ನನಗೆ ಖುಷಿ ಇದೆ.

ತಪ್ಪಿದ್ದು ಹತ್ತನೇ ನಂಬರಿನಲ್ಲಿ. ಹತ್ತನೆಯವನಿಗೆ ಸಾಕ್ಷಿ ಬೇಕಿಲ್ಲ. ಬಡವರ ಓಣಿಯವರೆಲ್ಲ ಕಳ್ಳರು, ಸುಳ್ಳರು ಅಂತ ಅವನು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾನೆ. ಸಿನಿಮಾದಲ್ಲಿ ಒಂದು ಪುಟ್ಟ ಜಾಗ ಇದೆ. ಆ ಹುಡುಗನಿಗೆ ಸರಿಯಾಗಿ ಇಂಗ್ಲಿಷ್ ಮಾತಾಡಲೂ ಬರಲ್ಲ ಅಂತ ಹತ್ತನೆಯವನು ಮೂದಲಿಸುತ್ತಾನೆ. ಹಾಗೆ ಹೇಳುವ ಅವನ ವಾಕ್ಯದಲ್ಲೇ ವ್ಯಾಕರಣ ತಪ್ಪಿರುತ್ತದೆ. ಹೊರದೇಶದಿಂದ ಬಂದು ನೆಲೆಸಿದ ಹನ್ನೊಂದನೆಯವನು ಮೆಲ್ಲಗೆ ಅದನ್ನು ತಿದ್ದುತ್ತಾನೆ.

ನಾನು ಅದನ್ನು ಹೀಗೆ ಬರೆದಿದ್ದೆ. ಹತ್ತನೆಯವನು: ‘ಅವ್ನಿಗೆ ನೆಟ್ಟಗೆ ಬಾಸೆನೇ ಬರಲ್ಲ.’ ಹನ್ನೊಂದನೆಯವನು: ‘ಬಾಸೆ ಅಲ್ಲ, ಭಾಷೆ.’

ಹತ್ತನೇ ಪಾತ್ರವನ್ನು ಕಡೂರು ಕಡೆಯ ಹುಡುಗನಿಗೆ ಕೊಟ್ಟಿದ್ದೆ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ದೊಡ್ಡ ಗಂಟಲು, ಒರಟು ಮಾತು. ಮೊದಲ ರೀಡಿಂಗ್‌ನಲ್ಲಿ ಅವನು ಬಾಯಿ ತೆಗೆದ ಕೂಡಲೇ ‘ಹತ್ತು ಸಿಕ್ಕಿದ’ ಅಂತ ಬರೆದುಕೊಂಡೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಧಿಕಾರಿ ಇದ್ದರು. ತಿದ್ದಿದ ಕನ್ನಡ, ಮೆತ್ತನೆ ದನಿ. ಅವರಿಗೆ ಹನ್ನೊಂದು. ಹತ್ತು ನಿಮಿಷದಲ್ಲಿ ಪಾತ್ರ ಹಂಚಿ ಮುಗಿಸಿದೆ.

ತಾಲೀಮು ಒಂದು ಹಳೇ ಶಾಲೆಯ ಹಾಲ್‌ನಲ್ಲಿ. ತಗಡಿನ ಮಾಡು. ಜುಲೈ ಮಳೆ ಬಿದ್ದರೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ನಾಟಕದಲ್ಲಿ ಬೇಯುವ ಸೆಕೆ, ಫ್ಯಾನ್ ತಿರುಗುತ್ತಿಲ್ಲ, ಎಲ್ಲರೂ ಬೆವರುತ್ತಿದ್ದಾರೆ. ನಮ್ಮವರು ಸ್ವೆಟರ್ ಹಾಕಿಕೊಂಡು ಹಣೆ ಒರೆಸಿಕೊಳ್ಳಬೇಕು! ಸೆಕೆ ಅಂದರೆ ಬೆವರು ಒರೆಸುವುದಲ್ಲ, ಕುತ್ತಿಗೆಗೆ ಅಂಟಿದ ಕಾಲರ್ ಬಿಡಿಸುವುದು, ಪಕ್ಕದವರ ತೋಳು ತಾಗಿದರೆ ಸರಿಯುವುದು ಅಂತ ದಿನಾ ಹೇಳಿ ಹೇಳಿ ಮಾಡಿಸಿದೆ. ಲುಮೆಟ್ ಸಿನಿಮಾದಲ್ಲಿ ಲೆನ್ಸ್ ಬದಲಿಸುತ್ತಾ, ಕ್ಯಾಮೆರಾ ಕೆಳಗಿಳಿಸುತ್ತಾ ಕೋಣೆ ಚಿಕ್ಕದಾಗುತ್ತಾ ಬಂದ ಹಾಗೆ ತೋರಿಸುತ್ತಾರೆ. ನಮಗೆ ಲೆನ್ಸ್ ಇಲ್ಲವಲ್ಲ. ಸುತ್ತಲಿನ ಲೈಟುಗಳನ್ನು ಡಿಮ್ಮರ್‌ನಲ್ಲಿ ಗೊತ್ತಾಗದ ಹಾಗೆ ಇಳಿಸುತ್ತಾ, ಕೊನೆಗೆ ಮೇಜಿನ ಮೇಲಿನದನ್ನು ಮಾತ್ರ ಉಳಿಸಿದೆವು.

‘ಬಾಸೆ ಅಲ್ಲ, ಭಾಷೆ’ ಬಂದಾಗಲೆಲ್ಲ ಎಲ್ಲರೂ ನಗುತ್ತಿದ್ದರು. ನನಗೂ ಖುಷಿ. ಎರಡನೇ ವಾರ ಒಂದು ಸಂಜೆ ತಾಲೀಮು ಮುಗಿದ ಮೇಲೆ ಕಂಡಕ್ಟರ್ ಹುಡುಗ ಉಳಿದುಕೊಂಡ. ಕುರ್ಚಿ ಜೋಡಿಸುತ್ತಲೇ ಕೇಳಿದ.

‘ಸಾರ್, ನಮ್ಮವ್ವ ಬಾಸೆ ಅಂತಾಳೆ. ನಮ್ಮವ್ವ ಯಾರ್ನೂ ಕೀಳಾಗಿ ನೋಡಿದೋಳಲ್ಲ. ಈ ಕೆಟ್ ಮನುಷ್ಯಂಗೆ ಯಾಕ್ ಸಾರ್ ನಮ್ಮವ್ವನ್ ಮಾತು ಕೊಟ್ರಿ?’

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವನಿಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಸ್ಕ್ರಿಪ್ಟ್ ತೆಗೆದು ಕೂತೆ. ಮೂಲದಲ್ಲಿ ಆ ಸಾಲು ಮಾಡುವ ಕೆಲಸ ಏನು? ಬೇರೆಯವರ ಮಾತನ್ನು ಹಳಿಯುವವನ ಜಂಬ ಇಳಿಸುವುದು. ನನ್ನ ಕನ್ನಡದಲ್ಲಿ ಅದು ತಿರುಗಿ ಬಿದ್ದಿತ್ತು. ಮಹಾಪ್ರಾಣ ಬಾರದ ಜನರನ್ನು ನೋಡಿ ಸಭೆ ನಗುತ್ತಿತ್ತು. ನ್ಯೂಯಾರ್ಕಿನ ಪೂರ್ವಗ್ರಹ ತೋರಿಸಲು ಹೋಗಿ ನಮ್ಮೂರಿನದನ್ನು ಬೆಳೆಸುತ್ತಿದ್ದೆ. ಒರಟು ಮಾತಿನವನು ಕೆಟ್ಟವನು, ಶುದ್ಧ ಮಾತಿನವನು ಒಳ್ಳೆಯವನು ಅಂತ ಮೊದಲ ದಿನವೇ ನಾನು ತೀರ್ಪು ಕೊಟ್ಟಾಗಿತ್ತು. ನಮ್ಮ ರಂಗಭೂಮಿಯಲ್ಲೂ ಸಿನಿಮಾದಲ್ಲೂ ಇದು ಎಷ್ಟು ರೂಢಿ ಅಂದರೆ, ಆಳು, ಕಳ್ಳ, ಹಾಸ್ಯಗಾರ ಇವರಿಗೆ ಹಳ್ಳಿ ಮಾತು ಅನ್ನುವುದು ಕೈಗೆ ತಾನಾಗೇ ಬಂದುಬಿಡುತ್ತದೆ.

ಮರುದಿನ ಪಾತ್ರ ಅದಲುಬದಲು ಮಾಡಿದೆ. ಬ್ಯಾಂಕ್ ಅಧಿಕಾರಿಗೆ ಹತ್ತು. ಕಂಡಕ್ಟರ್‌ಗೆ ಹನ್ನೊಂದು. ಯಾಕೆ ಅಂತ ಎಲ್ಲರ ಮುಂದೆ ಹೇಳಿದೆ. ಅಧಿಕಾರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಕೂಗಾಡಬೇಕಾ?’ ಅಂತ ಕೇಳಿದರು. ಬೇಡ, ನೀವು ಮಾತಾಡುವ ಹಾಗೇ ಮಾತಾಡಿ ಅಂದೆ.

ಹತ್ತನೆಯವನು ಕೊನೆಯ ಹೊತ್ತಿಗೆ ಒಳಗಿನದ್ದನ್ನೆಲ್ಲ ಕಾರುವ ಉದ್ದದ ಮಾತೊಂದಿದೆ. ಆ ಹುಡುಗ ಯಾವ ಜನಾಂಗದವನು ಅಂತ ಸಿನಿಮಾದಲ್ಲಿ ಎಲ್ಲೂ ಬಿಡಿಸಿ ಹೇಳುವುದಿಲ್ಲ. ನಾವೂ ‘ಅವರು’ ಅಂತಷ್ಟೇ ಇಟ್ಟುಕೊಂಡೆವು. ಅಧಿಕಾರಿಗಳು ಅದನ್ನು ಬಹುವಚನದಲ್ಲಿ, ಮರ್ಯಾದೆಯಾಗಿ, ಕಾಫಿ ಕುಡಿಯುತ್ತಾ ಹೇಳುವ ಹಾಗೆ ಹೇಳಿದರು. ‘ಅವರ ರೀತಿಯೇ ಹಾಗೆ, ನಾವೇನೂ ಮಾಡುವ ಹಾಗಿಲ್ಲ.’ ಹಾಲ್‌ನಲ್ಲಿ ಯಾರೂ ಉಸಿರೆತ್ತಲಿಲ್ಲ. ಎಸ್ಟೇಟ್ ಕೆಲಸಕ್ಕೆ ಬರುವ ಅಸ್ಸಾಮಿನವರ ಬಗ್ಗೆ, ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕೂಲಿಯವರ ಬಗ್ಗೆ ಇದೇ ದನಿಯಲ್ಲಿ ಇದೇ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ. ಕೂಗಾಡಿದ್ದರೆ ಅದು ಯಾರೋ ಕೆಟ್ಟವನ ಮಾತಾಗುತ್ತಿತ್ತು. ಈಗ ನಮ್ಮ ಚಿಕ್ಕಪ್ಪನ ಮಾತಾಗಿತ್ತು. ಸಿನಿಮಾದಲ್ಲಿರುವ ಹಾಗೆಯೇ, ಉಳಿದವರು ಒಬ್ಬೊಬ್ಬರಾಗಿ ಎದ್ದು ಅವನಿಗೆ ಬೆನ್ನು ಹಾಕಬೇಕು. ಆ ದಿನ ಏಳುವುದಕ್ಕೆ ನಮ್ಮವರಿಗೆ ಜಾಸ್ತಿ ಹೊತ್ತು ಹಿಡಿಯಿತು. ಆ ತಡವನ್ನು ಹಾಗೇ ಉಳಿಸಿಕೊಂಡೆ.

ಇನ್ನು ಆ ತಿದ್ದುವ ಸಾಲು. ಅದನ್ನು ಕೊಟ್ಟವರು ಅಧಿಕಾರಿಗಳೇ, ಗೊತ್ತಿಲ್ಲದೆ. ‘ಅವನ ಉಚ್ಛಾರಣೆಯೇ ಸರಿಯಿಲ್ಲ’ ಅಂತ ಓದಿದರು. ಒಂಬತ್ತನೇ ಪಾತ್ರ ಮಾಡುತ್ತಿದ್ದ ಹೈಸ್ಕೂಲ್ ಕನ್ನಡ ಮೇಷ್ಟ್ರು ತಲೆ ಎತ್ತಿದರು. ಸರಿಯಾದ ಪದ ‘ಉಚ್ಚಾರಣೆ’. ಓದಿದವರು ಬೇಡದ ಕಡೆ ಮಹಾಪ್ರಾಣ ಹಾಕಿ ಮಾಡುವ ತಪ್ಪು ಅದು. ಇದನ್ನೇ ನಾಟಕದಲ್ಲಿ ಇಟ್ಟುಕೊಳ್ಳಲಾ ಅಂತ ಅಧಿಕಾರಿಗಳನ್ನು ಕೇಳಿದೆ. ‘ಇಟ್ಟುಕೊಳ್ಳಿ, ಚಿಕ್ಕಂದಿನಿಂದ ಹಾಗೇ ಹೇಳಿಕೊಂಡು ಬಂದಿದ್ದೇನೆ’ ಅಂದರು. ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಅಲ್ಲಿಂದೀಚೆಗೆ ಮೊದಲ ವಾರ ನಾನು ಯಾರಿಗೂ ಪಾತ್ರ ಕೊಡುವುದಿಲ್ಲ. ಎಲ್ಲರೂ ಎಲ್ಲವನ್ನೂ ಓದುತ್ತಾರೆ, ದಿನಾ ಬದಲಾಯಿಸಿಕೊಂಡು. ತಾಲೀಮಿನಲ್ಲಿ ನಗು ಬಂದ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತೇನೆ. ಯಾರನ್ನು ನೋಡಿ ನಕ್ಕೆವು ಅಂತ ಪಕ್ಕದಲ್ಲಿ ಬರೆಯುತ್ತೇನೆ. ತಾಲೀಮಿನ ದಿನಗಳು ಹೆಚ್ಚಾಗುತ್ತವೆ, ನಿಜ. ಆದರೂ ಬಿಡುವುದಿಲ್ಲ.

ಶೋ ಕುವೆಂಪು ಕಲಾಮಂದಿರದಲ್ಲಿ ಆಯಿತು. ಕಂಡಕ್ಟರ್ ಹುಡುಗ ತನ್ನ ಕಡೂರಿನ ಕನ್ನಡದಲ್ಲೇ ಹನ್ನೊಂದನೆಯವನನ್ನು ಮಾಡಿದ. ‘ಉಚ್ಚಾರಣೆ’ ಅಂತ ಆ ಒಂದು ಪದವನ್ನು ಮಾತ್ರ ಬಿಡಿಬಿಡಿಯಾಗಿ ಹೇಳಿದ. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರುಗಳು ಮೊದಲು ನಕ್ಕರು, ಆಮೇಲೆ ಸಭೆಯೆಲ್ಲ ನಕ್ಕಿತು.

ಮುಗಿದ ಮೇಲೆ ಅವನು ಅವ್ವನನ್ನು ಕರೆದುಕೊಂಡು ಸ್ಟೇಜಿನ ಹಿಂದೆ ಬಂದ. ನಾಟಕ ನೋಡಿದ್ದು ಅವರಿಗೆ ಅದೇ ಮೊದಲಂತೆ. ಹೇಗಿತ್ತಮ್ಮ ಅಂತ ಕೇಳಿದೆ. ನನ್ನ ಪ್ರಶ್ನೆ ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಕೈ ಹಿಡಿದುಕೊಂಡು ಕೇಳಿದರು:

‘ಅವ್ವ ಮೊದ್ಲೇ ಸತ್ತೋಗವ್ಳೆ ಅಂದ್ರಿ. ಅಪ್ಪನೂ ಹೋದ. ಬಿಟ್ಟೇನೋ ಬಿಟ್ರಿ, ಈಗ ಅದು ಯಾರ್ ಮನೆಗೋಗ್ತದಪ್ಪಾ?’