ಒಂದು ಲೀಟರ್ ನೀರಿನ ಲೆಕ್ಕ

2024ರ ಮೇ ತಿಂಗಳು. ಬೇಸಿಗೆ ರಜೆಗೆಂದು ಮಗನನ್ನು ಕರೆದುಕೊಂಡು ಸಿಂಧನೂರು ಹತ್ತಿರದ ತವರಿಗೆ ಹೋಗಿದ್ದೆ. ರಾಯಚೂರು ಕಡೆಯ ಬಿಸಿಲು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ, ಬೆಳಿಗ್ಗೆ ಹತ್ತಕ್ಕೇ ಅಂಗಳದ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ. ಹಿಂದಿನ ದಿನ ಬೀಗರ ಮನೆಯ ಮದುವೆ ಊಟ ಮುಗಿಸಿ ಬಂದಿದ್ದೆವು. ನಸುಕಿನಲ್ಲಿ ನಾಲ್ಕು ವರ್ಷದ ಮಗ ಎದ್ದು ಕೂತವನೇ ವಾಂತಿ ಮಾಡಿಕೊಂಡ. ಏಳು ಗಂಟೆಯೊಳಗೆ ಮೂರು ಸಲ ಬೇದಿ ಆಯಿತು.

ಅವ್ವ ಗಾಬರಿಯಾಗಲಿಲ್ಲ. ಚರಿಗೆಯಲ್ಲಿ ನೀರು ತಗೊಂಡು, ಮೂರು ಬೆರಳಲ್ಲಿ ಬಂದಷ್ಟು ಉಪ್ಪು ಹಾಕಿ, ಒಂದು ಹಿಡಿ ಸಕ್ಕರೆ ಸುರಿದು, ನಿಂಬೆಹಣ್ಣು ಹಿಂಡಿ ಕದಡಿದಳು. ನಮ್ಮನ್ನೆಲ್ಲ ಹೀಗೇ ಸಾಕಿದವಳು. ಆದರೆ ಮಗ ಒಂದು ಗುಟುಕು ಕುಡಿದು ಮುಖ ಕಿವುಚಿ ಉಗುಳಿಬಿಟ್ಟ. ನಾನೂ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು.

ನನ್ನ ತಮ್ಮ ಬೈಕ್ ತೆಗೆದುಕೊಂಡು, ವಾಂತಿಬೇದಿಗೆ ನೀರಲ್ಲಿ ಕರಗಿಸಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿ ಓಆರ್‌ಎಸ್ ತರಲು ಪೇಟೆಗೆ ಹೋದ. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಕೊಡ್ರಿ ಎಂದು ಕೇಳಿದ್ದಕ್ಕೆ ನಾಲ್ಕು ಟೆಟ್ರಾ ಪ್ಯಾಕ್ ಕೊಟ್ಟಿದ್ದರು. ಮೇಲೆ ಸೇಬಿನ ಚಿತ್ರ, ಹೆಸರಿನಲ್ಲೇ ದೊಡ್ಡದಾಗಿ ಓಆರ್‌ಎಸ್ ಎಂಬ ಮೂರು ಅಕ್ಷರ. ಮಗ ಸ್ಟ್ರಾ ಬಾಯಿಗಿಟ್ಟು ಖುಷಿಯಿಂದ ಹೀರಿದ. ಸದ್ಯ ಹೊಟ್ಟೆಗೆ ಏನೋ ಹೋಗುತ್ತಿದೆಯಲ್ಲ ಎಂದು ನನಗೂ ಸಮಾಧಾನವಾಯಿತು. ಅವ್ವನ ಚರಿಗೆಯ ನೀರು ಚೆಲ್ಲಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕೂ ಪ್ಯಾಕ್ ಖಾಲಿ. ಬೇದಿ ನಿಲ್ಲುವ ಬದಲು ಬರೀ ನೀರಾಗಿತ್ತು. ಎಷ್ಟು ಸಲ ಎಂದು ಎಣಿಸುವುದನ್ನೂ ಬಿಟ್ಟಿದ್ದೆ. ಮಗು ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ. ಬೆಳಗಿನಿಂದ ಉಚ್ಚೆ ಹೊಯ್ದಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಕೈಕಾಲು ತಣ್ಣಗಾದದ್ದು ಮಗನದ್ದೋ ನನ್ನದೋ ಎಂದು ತಿಳಿಯದಷ್ಟು ಹೆದರಿದೆ.

ಅವ್ವ ಹೇಳಿ ಕಳಿಸಿದ್ದಕ್ಕೆ ಊರಿನ ಆಶಾ ಕಾರ್ಯಕರ್ತೆ ಬಂದರು. ಮಗನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬಿಟ್ಟರು. ಅದು ಕೂಡಲೇ ಕೂಡಿಕೊಳ್ಳಲಿಲ್ಲ, ಒಂದು ಕ್ಷಣ ಮಡಿಕೆಯಾಗಿ ನಿಂತು ಆಮೇಲೆ ಇಳಿಯಿತು. ಮೈಯಲ್ಲಿ ನೀರು ಕಮ್ಮಿಯಾದ ಗುರುತು ಅದು. ಆ ಒಂದು ಕ್ಷಣವನ್ನು ನಾನು ಇವತ್ತಿಗೂ ಮರೆತಿಲ್ಲ. ಕಿಟಕಿಯಲ್ಲಿದ್ದ ಖಾಲಿ ಪ್ಯಾಕುಗಳು ಆಗ ಅವರ ಕಣ್ಣಿಗೆ ಬಿದ್ದವು.

"ಇದನ್ನ ಕುಡಿಸೀಯೇನವ್ವಾ? ಇದು ಓಆರ್‌ಎಸ್ ಅಲ್ಲ. ಹಣ್ಣಿನ ಸಕ್ರಿ ನೀರು."

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಮಗ ಎಚ್ಚರವಾಗಿದ್ದಾನೆ, ಬಾಯಾರಿಕೆಯಿಂದ ಕೇಳಿ ಕುಡಿಯುತ್ತಿದ್ದಾನೆ, ಬೇದಿಯಲ್ಲಿ ರಕ್ತ ಇಲ್ಲ, ತೂಕ ಹದಿನಾಲ್ಕು ಕಿಲೋ ಎಂದು ಒಂದೊಂದಾಗಿ ಹೇಳಿದರು. ನಾಲ್ಕು ತಾಸಿನಲ್ಲಿ ಒಂದು ಲೀಟರ್ ಓಆರ್‌ಎಸ್ ಹೊಟ್ಟೆಗೆ ಹೋಗಬೇಕು, ಮಗು ಮಂಕಾದರೆ ಅಥವಾ ಕುಡಿಯುವುದನ್ನು ಬಿಟ್ಟರೆ ಒಂದು ನಿಮಿಷವೂ ಕಾಯದೆ ಕರೆತನ್ನಿ ಎಂದರು ಡಾಕ್ಟರು. ನನ್ನ ತಮ್ಮ ಪಕ್ಕದ ಮನೆಯವರ ಗಾಡಿ ತಂದು ಬಾಗಿಲಲ್ಲೇ ನಿಲ್ಲಿಸಿಕೊಂಡ.

ಆಶಾ ಅಕ್ಕ ಕೈಚೀಲದಿಂದ ಪುಡಿಯ ಪ್ಯಾಕೆಟ್ ತೆಗೆದರು. ಸರ್ಕಾರದಿಂದ ಪುಕ್ಕಟೆ ಬರುವುದು, ಅದರ ಮೇಲೆ ಸೇಬೂ ಇಲ್ಲ, ಕಿತ್ತಳೆಯೂ ಇಲ್ಲ. ಕುದಿಸಿ ಆರಿಸಿದ ನೀರನ್ನು ಒಂದು ಲೀಟರಿನ ಬಾಟಲಿಗೆ ಕತ್ತಿನ ತನಕ ತುಂಬಿಸಿದರು. ಆ ನೀರನ್ನು ತೊಳೆದ ಪಾತ್ರೆಗೆ ಸುರಿದು, ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ತಳಕ್ಕೆ ಬೆರಳಿಂದ ತಟ್ಟಿ ತಟ್ಟಿ ಒಂದು ಕಾಳೂ ಉಳಿಯದಂತೆ ಹಾಕಿದರು.

"ಅರ್ಧ ಇವತ್ತಿಗೆ, ಅರ್ಧ ನಾಳೆಗೆ ಅಂತ ಇಡೋರು ಅದಾರ. ಒಂದ ಗ್ಲಾಸಿಗೆ ಇಡೀ ಪ್ಯಾಕೆಟ್ ಸುರಿಯೋರೂ ಅದಾರ. ಹಂಗ ಮಾಡಬ್ಯಾಡ. ಲೀಟರ್ ಪ್ಯಾಕೆಟ್ಟಿಗೆ ಲೀಟರ್ ನೀರು. ನಾಳೆ ಇಷ್ಟೊತ್ತಿಗೆ ಉಳಿದಿದ್ದು ಚೆಲ್ಲು, ಬ್ಯಾರೆ ಮಾಡು."

ಗ್ಲಾಸಲ್ಲಿ ಕುಡಿಸಬೇಡ, ನಿಮಿಷಕ್ಕೊಂದು ಚಮಚ ಹಾಕು, ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡು ಎಂದರು. ಜೊತೆಗೆ ಝಿಂಕ್ ಮಾತ್ರೆ ಕೊಟ್ಟು, ಬೇದಿ ನಿಂತರೂ ಹದಿನಾಲ್ಕು ದಿನ ತಪ್ಪಿಸಬೇಡ ಎಂದು ಎರಡು ಸಲ ಹೇಳಿದರು.

ಐದು ಗಂಟೆಗೆ ಶುರುಮಾಡಿದೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ಚಮಚ, ಮತ್ತೆ ಚಮಚ. ತೋಳು ಸೋತಾಗ ಅವ್ವ ಹಾಕಿದಳು. ಆರೂವರೆಗೆ ಒಮ್ಮೆ ವಾಂತಿಯಾಯಿತು, ಹತ್ತು ನಿಮಿಷ ಕಾದೆವು. ಎಂಟರ ಸುಮಾರಿಗೆ ಮಗ ಬೇಡವೆಂದು ಅತ್ತ. ಅಳುವಾಗ ಕಣ್ಣಂಚು ಒದ್ದೆಯಾಯಿತು. ಒಂಬತ್ತೂವರೆಗೆ, "ಅಮ್ಮಾ, ಉಚ್ಚೆ" ಎಂದ. ಅವ್ವ ದೇವರ ಮನೆ ಕಡೆ ತಿರುಗಿ ಕೈ ಮುಗಿದಳು. ನಾನು ಮಗನನ್ನು ಎತ್ತಿಕೊಂಡು ಅಂಗಳದಲ್ಲೇ ನಿಂತು ಅತ್ತುಬಿಟ್ಟೆ.

ಅವನು ಮಲಗಿದ ಮೇಲೆ ಮೊಬೈಲ್ ಬೆಳಕಲ್ಲಿ ಆ ಖಾಲಿ ಪ್ಯಾಕ್ ಓದಿದೆ. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ ಎಂದು ಇಂಗ್ಲಿಷಿನಲ್ಲಿತ್ತು! ಮುಂದೆ ದೊಡ್ಡದಾಗಿ ಹೌದು ಎಂದು, ಹಿಂದೆ ಸಣ್ಣದಾಗಿ ಅಲ್ಲ ಎಂದು ಬರೆದವರ ಮೇಲೆ ಬಂದ ಸಿಟ್ಟು ಇನ್ನೂ ಆರಿಲ್ಲ. ಸಕ್ಕರೆ 100 ಮಿ.ಲೀ.ಗೆ 11 ಗ್ರಾಂ ಎಂದಿತ್ತು, ಅಂದರೆ ಲೀಟರಿಗೆ 110 ಗ್ರಾಂ. ಆಶಾ ಅಕ್ಕ ಕೊಟ್ಟ ಪ್ಯಾಕೆಟ್ಟಿನಲ್ಲಿ ಲೀಟರಿಗೆ ಗ್ಲೂಕೋಸ್ ಬರೀ 13.5 ಗ್ರಾಂ. ಉಳಿದದ್ದು ಅಡುಗೆ ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಎಲ್ಲ ಸೇರಿ 20.5 ಗ್ರಾಂ.

ಸಿಹಿ ಹೆಚ್ಚಿದ್ದರೆ ಏನಾಗುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಬೇದಿಯಾಗುವಾಗಲೂ ಸಣ್ಣ ಕರುಳಿನಲ್ಲಿ ಒಂದು ದಾರಿ ತೆರೆದೇ ಇರುತ್ತದೆ. ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಕೈಹಿಡಿದು ಕರೆದೊಯ್ಯುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಉಪ್ಪು ಸಾಲದೆ ಸಕ್ಕರೆ ಮಿತಿ ಮೀರಿದರೆ, ಉಳಿದ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಅವತ್ತು ಪ್ಯಾಕ್ ಖಾಲಿಯಾದಂತೆಲ್ಲ ಬೇದಿ ಯಾಕೆ ನೀರಾಯಿತು ಎಂಬುದು ಆಗ ಅರ್ಥವಾಯಿತು.

ಓದುತ್ತಾ ಹೋದಾಗ ಸಿಕ್ಕ ಹೆಸರು ದಿಲೀಪ್ ಮಹಾಲನಬಿಸ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನ್‌ಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಿತ್ತು. ಈ ವೈದ್ಯರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ತೂಗಿ ಪ್ಯಾಕೆಟ್ ಮಾಡಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರ ಇದ್ದ ಸಾವು ಶೇ. 4ಕ್ಕಿಂತ ಕೆಳಗೆ ಬಂತು. ಅಲ್ಲಿ ಚಮಚ ಹಿಡಿದು ಕೂತಿದ್ದ ತಾಯಂದಿರನ್ನು ನೆನೆದರೆ ಕಣ್ಣು ತುಂಬುತ್ತದೆ. ಆ ವೈದ್ಯರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

2025ರ ಅಕ್ಟೋಬರ್‌ನಲ್ಲಿ, ಇಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಎಂಬ ಪದ ಇರಕೂಡದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಅದಕ್ಕಾಗಿ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಎಂಟು ವರ್ಷ ಹೋರಾಡಿದ್ದರು. ಸುದ್ದಿ ಓದಿದ ಕೂಡಲೇ ಅವ್ವನಿಗೆ ಫೋನ್ ಮಾಡಿದೆ.

ಈಗ ನಮ್ಮ ಮನೆಯಲ್ಲಿ ಪುಡಿಯ ಪ್ಯಾಕೆಟ್ ಯಾವಾಗಲೂ ನಾಲ್ಕು ಇರುತ್ತವೆ. ಅದು ಸಿಗದ ಹೊತ್ತಿಗೆ ಮನೆಯದೇ: ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಐದು ಮಿ.ಲೀ.ದು. ಗೋಪುರ ಕಟ್ಟಿದಂತೆ ತುಂಬಬಾರದು, ಚಾಕುವಿನ ಬೆನ್ನಿಂದ ಸವರಿ ಮಟ್ಟ ಮಾಡಬೇಕು. ಒಮ್ಮೆ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿದೆ. ಗೋಪುರದ ಆರು ಚಮಚ ಹಾಕಿ ನೋಡಿದರೆ ಮಟ್ಟದ ಲೆಕ್ಕದಲ್ಲಿ ಹತ್ತರ ಹತ್ತಿರ ಹೋಯಿತು. ಕದಡಿದ ಮೇಲೆ ರುಚಿ ನೋಡುತ್ತೇನೆ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲುತ್ತೇನೆ. ಆದರೂ ಇದು ಪ್ಯಾಕೆಟ್ಟಿಗೆ ಸಮ ಅಲ್ಲ, ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಬಿಸಿಲಲ್ಲಿ ದುಡಿದು ಬಂದವರಿಗೆ ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಎಲ್ಲ ಚೆನ್ನ. ವಾಂತಿಬೇದಿಯಾದ ಮಗುವಿಗೆ ನಾನಂತೂ ಮೊದಲು ಪ್ಯಾಕೆಟ್ಟನ್ನೇ ಹುಡುಕುತ್ತೇನೆ.

ಕಳೆದ ಸಲ ತವರಿಗೆ ಹೋದಾಗ ಅವ್ವನ ಅಡುಗೆಮನೆಯ ಮೊಳೆಗೆ ಒಂದು ಲೀಟರಿನ ಬಾಟಲಿ ನೇತಾಡುತ್ತಿತ್ತು. ಕುತ್ತಿಗೆಗೆ ದಾರ, ದಾರಕ್ಕೆ ಔಷಧಿ ಡಬ್ಬಿಯ ಜೊತೆ ಬಂದ ಐದು ಮಿ.ಲೀ. ಚಮಚ. ಹಿಂದಿನ ವಾರ ಪಕ್ಕದ ಮನೆಯ ಕೂಸಿಗೆ ಹುಷಾರಿಲ್ಲದಾಗ ಬಾಟಲಿ ಕೇಳಿಕೊಂಡು ಬಂದಿದ್ದರಂತೆ. ಅವ್ವ ಬಾಟಲಿ ಕಳಿಸಲಿಲ್ಲ. ಚಾಕುವನ್ನೂ ತಗೊಂಡು ತಾನೇ ಅವರ ಮನೆಗೆ ಹೋಗಿದ್ದಳಂತೆ.